ಚೌಳು ಮಣ್ಣಿನ ಮಾಳಿಗೆ, ಕುರಿಯುಣ್ಣೆಯ ಕಂಬಳಿ

ಬೇಸಿಗೆ ಬಲಿಯುತ್ತಿದ್ದಂತೆ ಚಿತ್ರದುರ್ಗ ಸೀಮೆಯ ಹಳ್ಳದ ದಂಡೆಗಳಲ್ಲಿ, ಕೆರೆಯ ಕೆಳಗಿನ ತಗ್ಗು ಹೊಲಗಳಲ್ಲಿ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ. ಅದೇ ಚೌಳು. ರೈತನಿಗೆ ಅದು ಬೇಡದ ಮಣ್ಣು. ಅಲ್ಲಿ ಮಳೆನೀರು ಇಂಗದೆ ನಿಲ್ಲುತ್ತದೆ, ಬಿತ್ತಿದ ಕಾಳು ಮೊಳಕೆಯಲ್ಲೇ ಸಾಯುತ್ತದೆ. ಆದರೆ ಇದೇ ಮಣ್ಣನ್ನು ನೆಚ್ಚಿಕೊಂಡು ಈ ಸೀಮೆಯಲ್ಲಿ ಹಲವು ಕಸುಬುಗಳು ಬದುಕಿದ್ದವು. ಮನೆ ಕಟ್ಟುವವರು ಅದನ್ನು ತಂದು ಮಾಳಿಗೆಯ ಮೇಲೆ ಹರಡಿದರು. ಮಡಿವಾಳರು ಅದರಲ್ಲಿ ಬಟ್ಟೆ ಒಗೆದರು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಅದರ ಕ್ಷಾರವನ್ನು ಕುಲುಮೆಗೆ ಹಾಕಿ, ಗಾಜು ಕರಗಿಸಿ, ಹೆಂಗಸರ ಕೈಬಳೆ ಮಾಡಿದರು. ಸೂರು, ಉಡುಪು, ಅಲಂಕಾರ ಇವು ಬೇರೆ ಬೇರೆ ವಿದ್ಯೆಗಳೆಂದು ಕಾಲೇಜುಗಳು ಪಾಲು ಮಾಡಿಕೊಂಡದ್ದು ಈಚೆಗೆ. ದುರ್ಗದ ಸೀಮೆಯ ಬಡ ನೆಲದಲ್ಲಿ ಅವೆಲ್ಲ ಒಂದೇ ಗುದ್ದಲಿಗೆ ಸಿಕ್ಕುವ ಸರಕಾಗಿದ್ದವು.

ಇವತ್ತು ಜಿಲ್ಲೆಯ ಊರುಗಳಿಂದ ವಿನ್ಯಾಸ ಕಲಿಯಲು ಹೋಗುವ ಹುಡುಗ ಹುಡುಗಿಯರು ಫ್ಯಾಷನ್, ವಾಸ್ತುಶಿಲ್ಪ, ಪರಿಸರಸ್ನೇಹಿ ಕಟ್ಟಡ ಮೂರನ್ನೂ ಒಂದೇ ಉತ್ಸಾಹದಲ್ಲಿ ಹಚ್ಚಿಕೊಳ್ಳುವುದನ್ನು ಕಂಡು ಹಿರಿಯರು ಚಂಚಲತೆ ಎನ್ನುವುದುಂಟು. ಹಾಗೆ ನೋಡಿದರೆ ಅವರು ತಮಗೆ ಗೊತ್ತಿಲ್ಲದೆ ಹಳೆಯ ಜಾಡಿಗೇ ಮರಳುತ್ತಿದ್ದಾರೆ. ಆದರೆ ಆ ಜಾಡನ್ನು ಅವರಿಗೆ ತೋರಿಸುವ ರೀತಿಯಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತಿದೆ. ಹಳೆಯ ಕಟ್ಟಡಗಳು ಬಾಳಿದ್ದು ಮಣ್ಣು, ಸುಣ್ಣ, ಕಲ್ಲು ಎಂಬ ಒಳ್ಳೆಯ ಸಾಮಗ್ರಿಯಿಂದ, ಆದ್ದರಿಂದ ಆ ಸಾಮಗ್ರಿಗೆ ಹಿಂದಿರುಗಿದರೆ ಸಾಕು ಎಂಬ ಪಾಠ ಎಲ್ಲೆಡೆ ಕೇಳುತ್ತಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಬಾಳಿದ್ದೆಲ್ಲ ಬಾಳಿದ್ದು ದುರಸ್ತಿಯಿಂದ. ಪ್ರತಿ ಮುಂಗಾರಿಗೆ ಮುಂಚೆ ಯಾರು ಏನು ಮಾಡಬೇಕು ಎಂಬ ಕಟ್ಟುಪಾಡು ಇದ್ದಷ್ಟು ದಿನ ಬಡ ಮಣ್ಣೂ ನಿಂತಿತು. ಅದು ತಪ್ಪಿದ ದಿನ ಒಳ್ಳೆಯ ಮಣ್ಣೂ ಕುಸಿಯಿತು.

ಮಾಳಿಗೆ ಮನೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಹಿರಿಯೂರು, ಚಳ್ಳಕೆರೆ ಕಡೆ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಪಡುವಲಿನ ಹೊಳಲ್ಕೆರೆಗೆ ಹೋದಂತೆ ಮಳೆ ಸ್ವಲ್ಪ ಏರುತ್ತದೆ, ಇಳಿಜಾರು ಸೂರಿನ ಹಂಚಿನ ಮನೆಗಳೂ ಹೆಚ್ಚುತ್ತವೆ. ಮೂಡಲ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು, ಉದ್ದನೆಯ ಮರ ಅಪರೂಪ. ಅಲ್ಲಿ ಸೂರು ಚಪ್ಪಟೆಯಾಯಿತು. ಕಲ್ಲನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ, ಇಲ್ಲವೆ ಕಲಸಿದ ಮಣ್ಣಿನ ಮುದ್ದೆಯನ್ನು ವರಸೆ ವರಸೆಯಾಗಿ ಒಣಗಿಸುತ್ತ ಏರಿಸಿದ ಗೋಡೆ. ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ದಬ್ಬೆ. ಅದರ ಮೇಲೆ ಬಂದರಿಕೆ ಸೊಪ್ಪನ್ನು ಹಾಸಿ, ಕೆಸರು ಹಾಕಿ ತುಳಿದು, ಕೊನೆಗೆ ಚೌಳು ಮಣ್ಣನ್ನು ಹರಡುತ್ತಿದ್ದರು. ಬಂದರಿಕೆ ನಮ್ಮ ಕುರುಚಲು ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ, ಯಾರೂ ನೆಡಬೇಕಾಗಿಲ್ಲ. ಒಳಗಿನ ಕತ್ತಲೆಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಳೆ ಬಂದರೆ ಮುಚ್ಚುವುದು, ನಿಂತರೆ ತೆರೆಯುವುದು.

ಚೌಳಿನ ಗುಣ ಇಲ್ಲಿ ಗಮನಿಸಬೇಕಾದದ್ದು. ಅದರಲ್ಲಿರುವ ಸೋಡಿಯಂ ಲವಣ ಜೇಡಿಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೆನೆದೊಡನೆ ಆ ಸಣ್ಣ ಕಣಗಳು ಉಬ್ಬಿ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುವ ಗುಣ. ಈ ರಸಾಯನಶಾಸ್ತ್ರವನ್ನು ಯಾರೂ ಪುಸ್ತಕದಲ್ಲಿ ಓದಿರಲಿಲ್ಲ. ನೀರು ನಿಲ್ಲುವ ಹೊಲವನ್ನು ನೋಡಿ ನೀರು ನಿಲ್ಲಬೇಕಾದ ಜಾಗಕ್ಕೆ ಆ ಮಣ್ಣನ್ನು ಹೊತ್ತರು. ಇದರ ಸೊಗಸನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಈ ಜಾಣ್ಮೆಯ ಮಿತಿಯೂ ಅಲ್ಲೇ ಇದೆ. ಗಾಳಿಗೆ ಪುಡಿ ಹಾರುತ್ತದೆ, ಮಳೆ ತೊಳೆಯುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹುಲ್ಲು ಹುಟ್ಟುತ್ತದೆ. ಆದ್ದರಿಂದ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಚೌಳು ಹಾಕಲೇಬೇಕು. ಒಂದೆರಡು ವರ್ಷ ತಪ್ಪಿದರೆ ಸೋರುತ್ತದೆ, ಸೋರಿದರೆ ಜಂತೆ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಸೂರು ಕೂರುತ್ತದೆ. ಮಾಳಿಗೆ ಮನೆಯನ್ನು ಒಮ್ಮೆ ಕಟ್ಟಿ ಮುಗಿಸಿದ್ದೆಂದು ಯಾರೂ ಹೇಳುವಂತಿರಲಿಲ್ಲ.

ಮತ್ತೋಡಿನ ಕುಲುಮೆಗಳ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಮೈಸೂರು ಸೀಮೆಯನ್ನು ಸುತ್ತಿ ವರದಿ ಮಾಡಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮತ್ತೋಡಿನ ಗಾಜಿನ ಕೆಲಸದ ವಿವರವಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಏಳುವ ಸೋಡಾ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ, ಬಣ್ಣಕ್ಕೆ ಬೇಕಾದ ಬೇರೆ ವಸ್ತುಗಳು, ಇವನ್ನು ಕುಲುಮೆಯಲ್ಲಿ ಕರಗಿಸಿ ಬಳೆ ಮಾಡುತ್ತಿದ್ದರು. ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಕೂಡ ಮತ್ತೋಡನ್ನು ಬಳೆಯ ಊರೆಂದೇ ಗುರುತಿಸುತ್ತದೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣದ ಆ ಬಳೆಗಳು ಅಂದಿನ ಫ್ಯಾಷನ್ನೇ ಆಗಿದ್ದವು. ಸಿರಿವಂತರ ಫ್ಯಾಷನ್ ಅಲ್ಲ, ಸಂತೆಗೆ ಬರುವ ಹೆಣ್ಣುಮಕ್ಕಳ ಫ್ಯಾಷನ್. ಆದರೆ ಬಳೆಗೂ ಮಾಳಿಗೆಗೂ ಒಂದು ವ್ಯತ್ಯಾಸವಿದೆ. ಒಡೆದ ಬಳೆಯನ್ನು ಯಾರೂ ದುರಸ್ತಿ ಮಾಡುವುದಿಲ್ಲ, ಹೊಸದು ಕೊಳ್ಳುತ್ತಾರೆ. ಕೊಳ್ಳುವ ವಸ್ತುವಾದ್ದರಿಂದ ಅದಕ್ಕಿಂತ ಅಗ್ಗವಾದ, ಹೊಳಪಾದ ಬಳೆ ಹೊರಗಿನಿಂದ ಬಂದಾಗ ಊರಿನ ಕುಲುಮೆಗೆ ನಿಲ್ಲಲು ಆಧಾರವೇ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಫಿರೋಜಾಬಾದಿನ ಬಳೆ ದೇಶದ ಸಂತೆಗಳನ್ನೆಲ್ಲ ತುಂಬಿತು, ಮತ್ತೋಡಿನ ಕುಲುಮೆ ಹಳೆಯ ಪುಸ್ತಕಗಳಲ್ಲಿ ಉಳಿಯಿತು. ಮಾಳಿಗೆಯ ವರ್ಷಾವಧಿ ಕೆಲಸವಾದರೋ ಮನೆಯವರ ಕೈಯಲ್ಲೇ ಇತ್ತು, ಅದು ಇನ್ನೂ ಹಲವು ದಶಕ ನಡೆಯಿತು.

ಉಡುಪಿನಲ್ಲಿ ಮಾಳಿಗೆಗೆ ಸರಿಜೋಡಿಯಾದದ್ದು ಕಂಬಳಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮನ್ನಣೆ ಬಂದಿದೆ, ಅದರ ಅಂಚು ಸೆರಗಿನ ಬಗ್ಗೆ ಬರೆಯುವವರೂ ಇದ್ದಾರೆ. ಆದರೆ ಈ ಸೀಮೆಯ ನಿಜವಾದ ಬಟ್ಟೆ ಕರಿ ಕಂಬಳಿ. ದಖ್ಖನಿ ತಳಿಯ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ, ಅದನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂತು, ಹುಣಿಸೆ ಬೀಜದ ಗಂಜಿ ಹಾಕಿದ ಹಾಸನ್ನು ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಕುರಿಯ ಮೈಬಣ್ಣವೇ ಬಟ್ಟೆಯ ಬಣ್ಣ, ಬಣ್ಣದ ನೀರು ಬೇಕಿಲ್ಲ. ಹುಣಿಸೆ ಬೀಜ ಅಡುಗೆಮನೆಯಲ್ಲಿ ಹುಳಿ ತೆಗೆದು ಬಿಸಾಡುವ ವಸ್ತು. ಹಾಗೆ ನೇಯ್ದ ಕಂಬಳಿ ಹೊದಿಕೆ, ಹಾಸಿಗೆ, ಮಳೆಗೆ ಕೊಪ್ಪೆ, ಕಾಳು ಕಟ್ಟುವ ಗಂಟು, ಕುರಿಗಾಹಿಯ ಬಯಲು ಬಿಡಾರಕ್ಕೆ ಸೂರು, ಎಲ್ಲವೂ ಆಗುತ್ತಿತ್ತು. ಮದುವೆ ಶಾಸ್ತ್ರಕ್ಕೂ ನ್ಯಾಯ ಪಂಚಾಯಿತಿಗೂ ಕಂಬಳಿಯ ಗದ್ದುಗೆ ಹಾಸುತ್ತಿದ್ದರು. ಒಂದು ಬಟ್ಟೆ ಇಷ್ಟು ಕೆಲಸ ಮಾಡಬೇಕಾದರೆ ಅದನ್ನು ಒಂದೇ ಕೆಲಸಕ್ಕೆಂದು ಕತ್ತರಿಸಿ ಹೊಲಿಯಬಾರದು. ಕಂಬಳಿಯನ್ನು ಕತ್ತರಿಸುತ್ತಿರಲಿಲ್ಲ ಎಂಬುದೇ ಅದರ ವಿನ್ಯಾಸದ ಮುಖ್ಯ ಅಂಶ. ಸವೆದ ಅಂಚನ್ನು ಮತ್ತೆ ಹೆಣೆಯುತ್ತಿದ್ದರು, ತೂತಿಗೆ ಅದೇ ಉಣ್ಣೆಯ ದಾರ ಹಾಕುತ್ತಿದ್ದರು. ಹೊದೆಯಲು ಆಗದಷ್ಟು ಹಳೆಯದಾದ ಮೇಲೆ ನೆಲಕ್ಕೆ ಹಾಸುತ್ತಿದ್ದರು. ಚಳ್ಳಕೆರೆ ಇಂದಿಗೂ ಕಂಬಳಿ ವ್ಯಾಪಾರಕ್ಕೆ ಹೆಸರಾದ ಊರು.

ಇದೆಲ್ಲ ಬಡವರ ಮನೆಯ ವಿಷಯ, ಅರಮನೆ ಕೋಟೆಗಳಿಗೆ ಈ ಮಾತು ಹೊಂದುವುದಿಲ್ಲ ಎನ್ನುವವರು ದುರ್ಗದ ಬೆಟ್ಟ ಹತ್ತಬೇಕು. ದುರ್ಗದ ಚರಿತ್ರೆಯನ್ನು ನಾವು ಯುದ್ಧದ ಚರಿತ್ರೆಯಾಗಿಯೇ ಓದಿದ್ದೇವೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಕೊನೆಯ ಮದಕರಿ ನಾಯಕ ಸೆರೆಯಾದದ್ದು, ಓಬವ್ವನ ಒನಕೆ, ಇವು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿವೆ. ಇದೇ ಜಿಲ್ಲೆಯ ತಳುಕಿನ ತ.ರಾ.ಸು. ಅವರ 'ದುರ್ಗಾಸ್ತಮಾನ' ಆ ದುರಂತವನ್ನು ಇಡೀ ನಾಡಿನದಾಗಿಸಿತು. ಆದರೆ ಬಂಡೆಗಳ ಮೇಲೆ ನದಿಯಿಲ್ಲದ ಊರೊಂದು ತಲೆಮಾರುಗಳ ಕಾಲ ಬದುಕಿದ್ದು ಹೇಗೆ ಎಂಬ ಪ್ರಶ್ನೆ ಯುದ್ಧದಷ್ಟೇ ದೊಡ್ಡದು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿದು, ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ ಹರಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೂ ಪೇಟೆಯ ಸಂತೆಹೊಂಡಕ್ಕೂ ಬರುವಂತೆ ದಾರಿ ಮಾಡಿದ್ದರು. ಒಂದರ ಕೋಡಿ ಇನ್ನೊಂದರ ಒಳಹರಿವು. ಇಂಥ ಸರಪಳಿಯಲ್ಲಿ ಒಂದು ಕಾಲುವೆಯಲ್ಲಿ ಹೂಳು ಕಟ್ಟಿದರೆ ಕೆಳಗಿನ ಹೊಂಡಗಳೆಲ್ಲ ಒಣಗುತ್ತವೆ. ಅಂದರೆ ಪ್ರತಿ ವರ್ಷ ಯಾರೋ ಹೂಳೆತ್ತಿದ್ದಾರೆ, ಕಲ್ಲು ಸರಿಮಾಡಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ, ಹೊಂಡ ತುಂಬಿದ್ದೇ ಅವರಿದ್ದುದಕ್ಕೆ ಸಾಕ್ಷಿ.

ಶಾಸನದ ಮಾತು ಬಂದದ್ದರಿಂದ ಚಂದ್ರವಳ್ಳಿಯನ್ನು ನೆನೆಯಲೇಬೇಕು. ಬೆಟ್ಟದ ಮಗ್ಗುಲಿನ ಆ ಕಣಿವೆಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರು ಉತ್ಖನನ ನಡೆಸಿದರು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಕಾಲದ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಆ ಬರಹದಲ್ಲಿ ಅವನು ಗೆದ್ದ ಅರಸರ ಪಟ್ಟಿಯಿದೆ. ಆದರೆ ಅದನ್ನು ಬರೆಸಿದ್ದು ಗೆಲುವಿಗಾಗಿ ಅಲ್ಲ, ಅಲ್ಲಿನ ಒಂದು ಕೆರೆಯ ಕೆಲಸಕ್ಕಾಗಿ. ಕರ್ನಾಟಕದ ಮೊದಲ ಅರಸುಮನೆತನಗಳಲ್ಲಿ ಒಂದರ ಸ್ಥಾಪಕ ತನ್ನ ಪರಾಕ್ರಮವನ್ನು ಕೆರೆಗೆ ಕಟ್ಟಿಹಾಕಿದ್ದಾನೆ. ಕೆರೆ ನಡೆಸುವವನು ಅರಸ ಎಂಬ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು.

ಕೋಟೆಯೊಳಗೆ ಇನ್ನೊಂದು ಸಾಕ್ಷಿಯಿದೆ, ಅದನ್ನು ನನ್ನ ವಾದಕ್ಕೆ ಎದುರಾಗಿ ಒಡ್ಡಬಹುದು. ಟಂಕಸಾಲೆ ಎಂದು ಕರೆಯುವ ಕಟ್ಟಡದ ಎತ್ತರದ ಮಣ್ಣಿನ ಗೋಡೆಗಳು ಸೂರಿಲ್ಲದೆ, ಯಾರೂ ವಾಸವಿಲ್ಲದೆ, ಮಳೆ ಗಾಳಿಗೆ ಮೈಯೊಡ್ಡಿ ಇನ್ನೂ ನಿಂತಿವೆ. ದುರಸ್ತಿಯಿಲ್ಲದೆಯೂ ಮಣ್ಣು ಇಷ್ಟು ಕಾಲ ನಿಂತಿದೆಯಲ್ಲ, ಹಾಗಾದರೆ ಹಿರಿಮೆ ಸಾಮಗ್ರಿಯದೇ ತಾನೆ ಎಂದು ಯಾರಾದರೂ ಕೇಳಬಹುದು. ಆ ಗೋಡೆಯ ದಪ್ಪವನ್ನೂ ಮಣ್ಣನ್ನು ಹದ ಮಾಡಿದ ಕೈಯನ್ನೂ ಮೆಚ್ಚಲೇಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಉಳಿದಿರುವುದು ಗೋಡೆ, ಕಟ್ಟಡವಲ್ಲ. ಸೂರು ಬಿದ್ದ ದಿನವೇ ಆ ಕಟ್ಟಡದ ಕೆಲಸ ಮುಗಿಯಿತು. ಒಳಗೆ ಕುಳಿತು ನಾಣ್ಯ ಅಚ್ಚೊತ್ತಲು, ಲೆಕ್ಕ ಬರೆಯಲು, ಮಲಗಲು ಅಲ್ಲಿ ಜಾಗವಿಲ್ಲ. ಒಳ್ಳೆಯ ಮಣ್ಣು ಪಾಳಾಗಿ ಎಷ್ಟು ಕಾಲ ನಿಂತೀತು ಎಂಬುದನ್ನು ಟಂಕಸಾಲೆ ತೋರಿಸುತ್ತದೆ. ಮನೆಯಾಗಿ ಎಷ್ಟು ಕಾಲ ಬಾಳೀತು ಎಂಬುದಕ್ಕೆ ಉತ್ತರ ಅಲ್ಲಿಲ್ಲ.

ದುರಸ್ತಿಯನ್ನೇ ಕಟ್ಟಡ ಎಂದು ತಿಳಿದ ಜನವೂ ಈ ಜಿಲ್ಲೆಯಲ್ಲಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಹತ್ತಿರ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಪರಿಷೆಯಲ್ಲಿ ದೇವರಿಗೆ ಕಲ್ಲಿನ ಗುಡಿ ಕಟ್ಟುವುದಿಲ್ಲ. ಮುಳ್ಳಿನ ಕೊಂಬೆಗಳನ್ನು ಒಟ್ಟಿ ಎತ್ತರದ ಗುಡಿ ಮಾಡಿ, ಅದರ ತುದಿಗೆ ಕಳಸವಿಟ್ಟು, ಬರಿಗಾಲಲ್ಲಿ ಅದನ್ನು ಏರಿ ಕಳಸ ಇಳಿಸುತ್ತಾರೆ. ಗುಡಿ ಆ ಪರಿಷೆಗೆ ಮಾತ್ರ, ಮುಂದಿನ ಪರಿಷೆಗೆ ಮತ್ತೆ ಕಟ್ಟಬೇಕು. ಕಟ್ಟುವ ವಿದ್ಯೆ ಕೈಬಿಟ್ಟು ಹೋಗದಿರಲು ಇದಕ್ಕಿಂತ ಗಟ್ಟಿ ಉಪಾಯವಿಲ್ಲ. ಕಲ್ಲಿನ ಗುಡಿ ಕಟ್ಟಿದ ಶಿಲ್ಪಿಯ ವಿದ್ಯೆ ಅವನ ಮೊಮ್ಮಕ್ಕಳಿಗೆ ಬಾರದೆ ಹೋಗಬಹುದು. ಮುಳ್ಳಿನ ಗುಡಿಯ ವಿದ್ಯೆ ಪರಿಷೆ ನಡೆಯುವಷ್ಟು ದಿನ ಹೊಸ ಕೈಗೆ ದಾಟಲೇಬೇಕು.

ಆಧುನಿಕ ಕಾಲದ ದೊಡ್ಡ ನಿದರ್ಶನ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ಸಿಮೆಂಟ್ ಬಳಸಿಲ್ಲ. ಕಲ್ಲನ್ನು ಕೂರಿಸಿದ್ದು ಸುರ್ಕಿ ಗಾರೆಯಲ್ಲಿ. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣದೊಡನೆ ಅರೆದರೆ ಎರಡೂ ಸೇರಿ ನೀರಿನೊಳಗೂ ಗಟ್ಟಿಯಾಗುತ್ತವೆ. ಬರಿಯ ಸುಣ್ಣಕ್ಕೆ ಆ ಗುಣವಿಲ್ಲ. ಆಮೇಲೆ ಕಟ್ಟಿದ ಕನ್ನಂಬಾಡಿಯೂ ಇದೇ ಗಾರೆಯದು. ಸುಮಾರು 30 ಟಿಎಂಸಿ ನೀರು ಹಿಡಿಯುವ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಪೂರ್ತಿ ಭಾರ ಹೊರದೆ ಇದ್ದ ಕಟ್ಟೆ ಒಂದು ಮಳೆಗಾಲದಲ್ಲಿ ಪೂರ್ತಿ ಭಾರ ಹೊತ್ತು ನಿಂತಿತು. 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ಇದನ್ನು ಸುರ್ಕಿಯ ಪವಾಡವೆಂದು ಕೊಂಡಾಡುವುದು ಸುಲಭ. ಆದರೆ ಅಣೆಕಟ್ಟೆಗೆ ಆರಂಭದಿಂದ ಒಂದು ಇಲಾಖೆಯಿದೆ, ಎಂಜಿನಿಯರುಗಳಿದ್ದಾರೆ, ತೂಬಿಗೆ ಕಾವಲುಗಾರರಿದ್ದಾರೆ, ಲೆಕ್ಕದ ಪುಸ್ತಕವಿದೆ. ಅದೇ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳ್ಳಿಯ ಕಲ್ಯಾಣಿಗಳು, ಮಂಟಪಗಳು ನೋಡುವವರಿಲ್ಲದೆ ಪಾಳು ಬಿದ್ದಿವೆ. ಗಾರೆ ಎರಡೂ ಕಡೆ ಒಂದೇ. ಬೇರೆಯಾದದ್ದು ಕಾಯುವ ವ್ಯವಸ್ಥೆ.

ಇನ್ನು ಗಂಭೀರವಾದ ಆಕ್ಷೇಪಕ್ಕೆ ಬರೋಣ. ಹಳೆಯ ಮನೆಯನ್ನು ಹೀಗೆ ಹೊಗಳುವವರು ಅದರಲ್ಲಿ ಬದುಕಿದವರಲ್ಲ ಎಂಬ ಮಾತಿದೆ, ಅದು ನಿಜವೂ ಹೌದು. ಮಳೆಗಾಲ ಹಿಡಿದುಕೊಂಡ ವರ್ಷ ಮಣ್ಣಿನ ಗೋಡೆ ಕುಸಿದು ಜನ ಸತ್ತ ಸುದ್ದಿ ಬರುತ್ತದೆ. ವರ್ಷ ವರ್ಷ ಹಾಕಿದ ಮಣ್ಣು ಮಾಳಿಗೆಯ ಮೇಲೆ ಗುಡ್ಡೆಯಾಗಿ, ಕೊಳೆತ ಜಂತೆ ಆ ಭಾರ ತಾಳದೆ ಮುರಿಯುತ್ತದೆ. ಬೆಳಕಿಂಡಿಯೊಂದರ ಬೆಳಕಿನಲ್ಲಿ ಹೊಗೆ ತುಂಬಿದ ಅಡುಗೆಮನೆ, ಗೋಡೆಯ ಸಂದಿಯಲ್ಲಿ ಚೇಳು. ಇವೆಲ್ಲಕ್ಕಿಂತ ಹೆಚ್ಚಾಗಿ, ನಾನು ಇಷ್ಟು ಹೊತ್ತು ದುರಸ್ತಿ ಎಂದು ಕರೆದ ಕೆಲಸದ ದೊಡ್ಡ ಪಾಲು ಕೂಲಿಯಿಲ್ಲದ ಕೆಲಸ. ನೆಲ ಸಾರಿಸಿದ್ದು, ಗೋಡೆಗೆ ಕೆಮ್ಮಣ್ಣು ಬಳಿದದ್ದು, ಚೌಳು ಹೊತ್ತದ್ದು, ಉಣ್ಣೆ ನೂತದ್ದು ಹೆಂಗಸರು. ಊರಿನ ಸಾರ್ವಜನಿಕ ಕೆಲಸಕ್ಕೆ ಬಿಟ್ಟಿಗೆ ಬಂದದ್ದು ಕೆಳಜಾತಿಗಳ ಜನ. ಕಲ್ಲು ಒಡೆದು ಮಣ್ಣು ಹೊತ್ತ ಭೋವಿ ಸಮುದಾಯದವರ ಸ್ವಂತ ವಾಸ ಬಹುಕಾಲ ಊರಾಚೆಯ ಗುಡಿಸಲಲ್ಲೇ ಇತ್ತು. ಸರ್ಕಾರಿ ವಸತಿ ಯೋಜನೆಗಳಲ್ಲಿ ಸಿಮೆಂಟಿನ ತಾರಸಿ ಮನೆ ಸಿಕ್ಕ ಕುಟುಂಬ ಅದನ್ನು ಮರ್ಯಾದೆಯ ಗುರುತೆಂದು ಕಂಡರೆ ಅದರಲ್ಲಿ ಮೂಢತನವೇನೂ ಇಲ್ಲ. ಪ್ರತಿ ವರ್ಷದ ಬಿಟ್ಟಿ ಕೆಲಸದಿಂದ ಬಿಡುಗಡೆ ಸಿಕ್ಕಿತು ಎಂಬುದೇ ಅವರಿಗೆ ಆ ಮನೆಯ ದೊಡ್ಡ ಗುಣ.

ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅದು ನನ್ನ ವಾದವನ್ನು ಇನ್ನಷ್ಟು ಬಲಪಡಿಸುತ್ತದೆ. ಮಾಳಿಗೆ ಮನೆ ಸತ್ತದ್ದು ಮಣ್ಣು ಕೆಟ್ಟದ್ದರಿಂದಲ್ಲ. ಅದನ್ನು ನಿಲ್ಲಿಸಿದ್ದ ಕೂಲಿಯಿಲ್ಲದ ದುಡಿಮೆ ನಿಂತದ್ದರಿಂದ, ಮತ್ತು ಅದು ನಿಲ್ಲಬೇಕಾದ್ದೇ ಆಗಿತ್ತು. ಹೆಣ್ಣುಮಕ್ಕಳು ಶಾಲೆಗೆ ಹೋದರು, ಒಟ್ಟು ಕುಟುಂಬ ಒಡೆಯಿತು, ದುಡಿಯುವವರು ಬೆಂಗಳೂರಿಗೆ ಹೋದರು. ಯಾರೂ ಹೊತ್ತು ತರದ ಮೇಲೆ ಚೌಳು ಹೊಲದಲ್ಲೇ ಉಳಿಯಿತು. ಅದೇ ಹೊತ್ತಿಗೆ ಸರ್ಕಾರದ ಲೆಕ್ಕವೂ ಮಣ್ಣಿನ ಗೋಡೆಯ ಮನೆಯನ್ನು ಕಚ್ಚಾ ಎಂಬ ಕಲಮಿಗೆ ಹಾಕಿತು. ಕಚ್ಚಾ ಎಂದ ಮೇಲೆ ಅದನ್ನು ಕೆಡವಲು ನೆರವು ಸಿಕ್ಕುತ್ತದೆ, ಉಳಿಸಿಕೊಳ್ಳಲು ಸಿಕ್ಕುವುದಿಲ್ಲ. ಚೆನ್ನಾಗಿರುವ ದಪ್ಪ ಗೋಡೆಯ ಮೇಲೆ ಸೂರನ್ನಷ್ಟೇ ಬದಲಿಸಿದರೆ ಸಾಕಾಗಿದ್ದ ಮನೆಗಳೂ ಹೀಗೆ ನೆಲಸಮವಾದವು. ಅವುಗಳ ಜಾಗದಲ್ಲಿ ಎದ್ದ ತೆಳು ಗೋಡೆಯ ತಾರಸಿ ಮನೆ ಚೈತ್ರದ ಬಿಸಿಲಿಗೆ ಕಾದು, ರಾತ್ರಿಯೆಲ್ಲ ಆ ಕಾವನ್ನು ಒಳಗೇ ಬಿಡುತ್ತದೆ. ಸಿಮೆಂಟಿಗೂ ದುರಸ್ತಿ ಬೇಕು. ತಾರಸಿ ಸೋರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಗಾರೆಯನ್ನು ಸಿಡಿಸುತ್ತದೆ. ಆದರೆ ಅದನ್ನು ಸರಿಮಾಡುವ ವಿದ್ಯೆಯೂ ಸರಕೂ ಮನೆಯವರ ಕೈಯಲ್ಲಿಲ್ಲ.

ಕಂಬಳಿಗೂ ಇದೇ ಗತಿ ಬಂತು, ದಾರಿ ಮಾತ್ರ ಬೇರೆ. ಅದಕ್ಕೆ ಬೇಕಾದದ್ದು ಹುಲ್ಲುಗಾವಲು. ಈ ಸೀಮೆಯ ಅಮೃತಮಹಲ್ ಕಾವಲುಗಳು ದನಕ್ಕೂ ಕುರಿಗೂ ಆಧಾರವಾಗಿದ್ದವು. 2009ರ ಹೊತ್ತಿಗೆ ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಸಿಕ್ಕಿತು. ಕುರಿ ಸಾಕುವವರೂ ಮಾಂಸದ ಬೆಲೆ ನೋಡಿ ಉಣ್ಣೆಯಿಲ್ಲದ ತಳಿಗಳಿಗೆ ತಿರುಗಿದರು. ದಖ್ಖನಿಯ ಒರಟು ಉಣ್ಣೆಯನ್ನು ಕೇಳುವವರು ಕಡಿಮೆಯಾದರು. ಇಂಥ ಹೊತ್ತಿನಲ್ಲಿ ನಗರದ ವಿನ್ಯಾಸಕರು ಕಂಬಳಿಯ ಕಡೆ ನೋಡುತ್ತಿರುವುದು ನನಗೆ ಸಂತೋಷದ ವಿಷಯವೇ. ಕರಿ ಕಂಬಳಿಯ ಕೋಟು, ಚೀಲ, ಗೋಡೆಯ ಹಾಸು ಕಾಣಲು ಚೆನ್ನಾಗಿವೆ. ಆದರೆ ಕಂಬಳಿಯನ್ನು ಕತ್ತರಿಸಿ ಕೋಟು ಹೊಲಿದು, ಒಂದು ಋತುವಿಗೆ ಮಾರಿ ಮರೆಯುವುದಾದರೆ ಅದು ಮತ್ತೋಡಿನ ಬಳೆಯ ದಾರಿಯಾಗುತ್ತದೆ. ಕೊಳ್ಳುವವರ ರುಚಿ ಬದಲಾದ ದಿನ ನೇಯುವವನ ಮಗ್ಗ ನಿಲ್ಲುತ್ತದೆ. ಮಾರಿದ ಕೋಟಿನ ಸವೆದ ಅಂಚನ್ನು ಹಿಂದಕ್ಕೆ ತರಿಸಿ, ಅದೇ ನೇಕಾರನ ಕೈಯಲ್ಲಿ ಹೆಣೆಸಿ, ಅವನಿಗೆ ಎರಡನೆಯ ಸಲ ಕೂಲಿ ಕೊಡುವ ಏರ್ಪಾಡಿದ್ದರೆ ಅದೇ ನಿಜವಾದ ಕಂಬಳಿ ಫ್ಯಾಷನ್.

ಮತ್ತೊಂದು ಆಕ್ಷೇಪ ಎಂಜಿನಿಯರುಗಳದು. ಸುಣ್ಣವನ್ನೂ ಸುಡಲೇಬೇಕು, ಸುಣ್ಣಕಲ್ಲು ಸುಟ್ಟರೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಹಿಂದೆ ಆ ಗೂಡುಗಳಿಗೆ ಕಾಡಿನ ಸೌದೆಯೇ ಉರಿದದ್ದು ಎನ್ನುತ್ತಾರೆ. ಒಪ್ಪತಕ್ಕ ಮಾತು. ಸುಣ್ಣಕ್ಕೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಸಾಕು, ಸಿಮೆಂಟಿಗೆ 1,450 ಡಿಗ್ರಿ ಬೇಕು. ಗಟ್ಟಿಯಾಗುತ್ತ ಸುಣ್ಣ ಗಾಳಿಯ ಇಂಗಾಲವನ್ನು ಸ್ವಲ್ಪ ಮರಳಿ ಹೀರುತ್ತದೆ. ಆದರೂ ಕೋಟಿಗಟ್ಟಲೆ ಮನೆಗಳಿಗೆ ಸುಣ್ಣ ಸುಡುವುದು ಪರಿಹಾರವಲ್ಲ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಕೆಲಸ ಮುಖ್ಯವಾಗುತ್ತದೆ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಸ್ಥಳೀಯ ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಬಳಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಅದು ಹಳೆಯದರ ಅನುಕರಣೆಯಲ್ಲ. ನೆನೆದರೆ ಕರಗುತ್ತದೆ ಎಂಬ ಮಣ್ಣಿನ ದೋಷವನ್ನು ಅರಿತು ಮಾಡಿದ ತಿದ್ದುಪಡಿ. ಹೊಳಲ್ಕೆರೆಯ ಕೆಮ್ಮಣ್ಣು ಇಂಥ ಕೆಲಸಕ್ಕೆ ಸುಲಭವಾಗಿ ಹದಗೊಳ್ಳುತ್ತದೆ. ಹಿರಿಯೂರಿನ ಎರೆಮಣ್ಣು ಉಬ್ಬಿ ಕುಗ್ಗುವ ಮಣ್ಣಾದ್ದರಿಂದ ಮರಳು ಬೆರೆಸದೆ ಆಗದು. ಈ ಭೇದವನ್ನು ತಿಳಿಯದೆ ಒಂದೇ ನಕ್ಷೆಯನ್ನು ಜಿಲ್ಲೆಯ ಎಲ್ಲ ತಾಲ್ಲೂಕಿಗೂ ಹೊತ್ತೊಯ್ಯುವ ವಿನ್ಯಾಸಕ ಅದನ್ನು ಪರಿಸರಸ್ನೇಹಿ ಎಂದು ಕರೆದುಕೊಂಡರೂ ಹಳೆಯ ಗುತ್ತಿಗೆದಾರನಿಗಿಂತ ಬೇರೆಯವನಲ್ಲ.

ಇಂದು ಮಣ್ಣಿನ ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಅನುಕೂಲಸ್ಥರು. ತೋಟದ ಮನೆ, ರೆಸಾರ್ಟು, ವಾರಾಂತ್ಯದ ಬಿಡಾರ. ಅವುಗಳ ಚಿತ್ರ ಚೆನ್ನಾಗಿ ಬರುತ್ತದೆ, ಅದನ್ನು ನೋಡಿ ಯುವಕರಿಗೆ ಆಸೆ ಹುಟ್ಟುತ್ತದೆ. ಆಸೆ ಹುಟ್ಟುವುದು ತಪ್ಪಲ್ಲ, ಎಲ್ಲ ವಿದ್ಯೆಯೂ ಆಸೆಯಿಂದಲೇ ಶುರುವಾಗುವುದು. ಆದರೆ ಚಿತ್ರ ತೆಗೆದ ಮೇಲೆ ಬರುವ ಹತ್ತು ಮಳೆಗಾಲದ ಲೆಕ್ಕವನ್ನು ಯಾರೂ ಹಾಕುತ್ತಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಚೌಳಿನ ಮಾಳಿಗೆ ಹಾಕಿದ, ಗಾರೆ ಅರೆದ, ಮುದ್ದೆ ಗೋಡೆ ಏರಿಸಿದ ಕೈಗಳು ಇನ್ನೂ ಇವೆ, ಅವರಿಗೆ ವಯಸ್ಸಾಗಿದೆ. ಜಿಲ್ಲೆಯ ಪಾಲಿಟೆಕ್ನಿಕ್ಕುಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಅವರನ್ನು ಸಂಬಳ ಕೊಟ್ಟು ಕರೆಸಿ ಪಾಠ ಹೇಳಿಸಬೇಕು. ವಸತಿ ಯೋಜನೆಗಳು ಹೊಸ ಮನೆಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಹಳೆಯ ಗೋಡೆಯ ದುರಸ್ತಿಗೆ ಕೊಡಲು ದಾರಿ ಮಾಡಬೇಕು. ವಿನ್ಯಾಸ ಕಲಿಯುತ್ತಿರುವ ಗೆಳೆಯರಲ್ಲಿ ನನ್ನದು ಒಂದೇ ಕೋರಿಕೆ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ನೀವು ಮೊದಲ ಮನೆಯ ನಕ್ಷೆ ಬರೆದು ಖರ್ಚಿನ ಅಂದಾಜು ಹಾಕುವಾಗ, ಅದರ ಕೊನೆಯಲ್ಲಿ ಮುಂದಿನ ಹತ್ತು ವರ್ಷದ ದುರಸ್ತಿಯನ್ನು ಯಾರು ಮಾಡುತ್ತಾರೆ, ಅವರಿಗೆ ಕೂಲಿ ಎಷ್ಟು ಎಂಬ ಸಾಲನ್ನೂ ಸೇರಿಸಿ.